ಮೆಟ್ಟಿಲ ಬುಡದ ಯಾತ್ರಿಕ

ಬೆಟ್ಟದ ಬುಡದಲ್ಲಿ ಬಸ್ಸು ನಿಂತ ಸದ್ದು ಕೇಳಿದ ಕೂಡಲೇ ಇವಾಕಿಚಿ ಉಳಿಯನ್ನು ಕೆಳಗಿಟ್ಟು ಕಿಟಕಿಯ ಜಾಲರಿಯ ಹತ್ತಿರ ಸರಿದ. ಹನ್ನೊಂದು ದಿನದಿಂದ ಹೀಗೇ ಆಗುತ್ತಿತ್ತು. ಬಾಗಿಲು ತೆರೆದುಕೊಳ್ಳುವುದು, ಕೋಲುಗಳಿಗೆ ಕಟ್ಟಿದ ಗಂಟೆಗಳೆಲ್ಲ ಒಂದೇ ಸಲ ಕಿಣಿಗುಟ್ಟುವುದು, ಹಳದಿ ಬಾವುಟ ಹಿಡಿದ ಹುಡುಗಿ ಕೀರಲು ದನಿಯಲ್ಲಿ ನಲವತ್ತೈದೇ ನಿಮಿಷ ಎಂದು ಕೂಗುವುದು, ಆಮೇಲೆ ಬಿಳಿ ನಿಲುವಂಗಿಯ ಮುದುಕ ಮುದುಕಿಯರು ಮೆಟ್ಟಿಲಿಗೆ ಮುತ್ತಿಕೊಳ್ಳುವುದು. ಇವರ ಅಜ್ಜಂದಿರು ಈ ದ್ವೀಪದ ಎಂಬತ್ತೆಂಟು ದೇವಸ್ಥಾನಗಳನ್ನು ಐವತ್ತು ದಿನ ನಡೆದು ಮುಗಿಸುತ್ತಿದ್ದರು. ಕಾಲಿನ ಉಗುರು ಕಿತ್ತುಬರುತ್ತಿತ್ತು, ಕೆಲವರು ದಾರಿಯಲ್ಲೇ ಸತ್ತು ಅಲ್ಲೇ ಮಣ್ಣಾಗುತ್ತಿದ್ದರು. ಇವರಿಗೆ ಹನ್ನೆರಡು ದಿನ ಸಾಕು. ಮೇಲೆ ಹೋಗಿ ಗಡಿಯಾರ ನೋಡುತ್ತ ಮಂತ್ರ ಹೇಳಿ, ಪುಸ್ತಕಕ್ಕೆ ಕೆಂಪು ಮುದ್ರೆ ಒತ್ತಿಸಿಕೊಂಡು, ಶೌಚಕ್ಕೆ ಸಾಲು ನಿಂತು, ಇಳಿದು ಬರುವಾಗ ಅರವತ್ತನೇ ಮೆಟ್ಟಿಲಿನ ಪಕ್ಕದಲ್ಲಿರುವ ಇವನ ಅಂಗಡಿಯಲ್ಲಿ ದೇವಸ್ಥಾನದ ಒಂದು ಮರದಚ್ಚಿನ ಚಿತ್ರ ಕೊಂಡು, ಅದನ್ನು ಸುರುಳಿ ಸುತ್ತಿ ಚೀಲದಲ್ಲಿ ಕಿತ್ತಳೆಹಣ್ಣಿನ ಪಕ್ಕಕ್ಕೆ ತುರುಕಿದರೆ ಯಾತ್ರೆ ಆದಂತೆ. ಮೂವತ್ತೊಂದು ವರ್ಷದಲ್ಲಿ ತನ್ನ ಚಿತ್ರವನ್ನು ಕಣ್ಣಿಟ್ಟು ನೋಡಿದ ಒಬ್ಬನೇ ಒಬ್ಬ ಯಾತ್ರಿಕನನ್ನು ಅವನು ಕಂಡಿರಲಿಲ್ಲ. ಹಾಗೆಂದು ಸಿಕ್ಕಸಿಕ್ಕವರ ಮುಂದೆ ಆಡಿಕೊಂಡಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸುವ ಕೆಲಸ ತನ್ನದು ಎಂದಿದ್ದ. ಈಗ ಜಾಲರಿಗೆ ಮುಖ ಹಚ್ಚಿ ಕೂತವನಿಗೆ ಇದ್ದ ಒಂದೇ ಆಸರೆ ಅದು. ಇವರು ನೋಡುವವರಲ್ಲ, ಇವತ್ತೂ ನೋಡುವುದಿಲ್ಲ.

ಹನ್ನೊಂದು ದಿನದ ಹಿಂದೆ ಅವನು ಊರಿನ ಸ್ನಾನದ ಮನೆಗೆ ಹೋಗಿದ್ದ. ಬಿಸಿನೀರಿನ ತೊಟ್ಟಿಯಿಂದ ಎದ್ದು ಮೈ ಒರೆಸಿಕೊಂಡು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಾಗ, ಕನ್ನಡಿಯಲ್ಲಿ ತನ್ನ ಹೆಗಲಿನಾಚೆ, ಹಿಂದಿನ ಗೋಡೆಗೆ ಅಂಟಿಸಿದ್ದ ಹೊಸ ಚಿತ್ರ ಕಾಣಿಸಿತು. ಹೊಸ ಅಚ್ಚು ಕೆತ್ತಿದಾಗ ಮೊದಲ ಹತ್ತು ಪ್ರತಿಗಳನ್ನು ನೆರೆಹೊರೆಗೆ ಹಂಚುವುದು ವಾಡಿಕೆ. ಹಾಗೆ ಬಂದದ್ದನ್ನು ಸ್ನಾನದ ಮನೆಯವನು ಅಲ್ಲಿ ಅಂಟಿಸಿದ್ದ. ದೇವಸ್ಥಾನದ ದೊಡ್ಡ ಬಾಗಿಲು, ನಟ್ಟನಡುವೆ ಏರುವ ಮೆಟ್ಟಿಲು, ಬುಡದಲ್ಲಿ ನಮ್ಮ ಕಡೆ ಮುಖ ಮಾಡಿ ಕೋಲು ಹಿಡಿದು ನಿಂತ ಒಬ್ಬನೇ ಯಾತ್ರಿಕ. ಓಹೋ, ಪರವಾಗಿಲ್ಲವಲ್ಲ ಅನ್ನಿಸಿತು. ಅಂಗಡಿಯಲ್ಲಿ ನೋಡಿದಾಗಲೆಲ್ಲ ಏನೋ ಸೊಟ್ಟ ಎನಿಸಿ, ಅದು ಚಿತ್ರ ಬರೆದ ಒಸಾಕದವನ ಸೊಟ್ಟತನ ಎಂದು ಬೈದುಕೊಂಡಿದ್ದು, ಇಲ್ಲಿ ನೇರವಾಗಿ ನಿಂತಿತ್ತು. ಹಬೆಯಲ್ಲಿ ಮಸುಕಾಗಿ ನಿಂತ ಆ ಯಾತ್ರಿಕನ ಮೇಲೆ ಅವನಿಗೆ ಪ್ರೀತಿಯೇ ಬಂತು. ಆಗ ಕಣ್ಣು ತನ್ನ ಪ್ರತಿಬಿಂಬದ ಕೊರಳಿಗೆ ಹೋಯಿತು, ಮತ್ತೆ ಯಾತ್ರಿಕನ ಕೊರಳಿಗೆ ಹೋಯಿತು. ಕನ್ನಡಿಯಲ್ಲಿ ಇಬ್ಬರ ಅಂಗಿಯ ಅಂಚೂ ಒಂದೇ ಕಡೆಗೆ ಮಡಚಿರಬೇಕಿತ್ತು. ಇವನದು ಒಂದು ಕಡೆ, ಅವನದು ಇನ್ನೊಂದು ಕಡೆ. ಇವಾಕಿಚಿ ತಿರುಗಿ ಗೋಡೆಯನ್ನು ನೇರವಾಗಿ ನೋಡಿದ. ಯಾತ್ರಿಕನ ನಿಲುವಂಗಿಯ ಬಲದ ಅಂಚು ಎಡದ ಅಂಚಿನ ಮೇಲಿತ್ತು. ಬದುಕಿದವರು ಯಾರೂ ಹಾಗೆ ಉಡುವುದಿಲ್ಲ. ಹೆಣಕ್ಕೆ ಮಾತ್ರ ಹಾಗೆ ಉಡಿಸುತ್ತಾರೆ. ಕೋಲು ಕೂಡ ಎಡಗೈಯಲ್ಲಿತ್ತು. ಪಕ್ಕದಲ್ಲಿ ಯಾರೋ ಕೆಮ್ಮಿದರು, ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹೊರಬಿದ್ದ.

ತಪ್ಪು ಹೇಗಾಯಿತೆಂದು ಅವನಿಗೆ ಅಲ್ಲೇ ಗೊತ್ತಾಯಿತು, ಯಾರನ್ನೂ ಕೇಳುವ ಹಾಗಿರಲಿಲ್ಲ. ಚಿತ್ರಕಾರ ತೆಳು ಕಾಗದದ ಮೇಲೆ ಬರೆದು ಕಳಿಸಿದ್ದನ್ನು ಚೆರಿ ಮರದ ಹಲಗೆಗೆ ಮುಖ ಕೆಳಗೆ ಮಾಡಿ ಅಂಟಿಸಬೇಕು. ಬೆನ್ನ ಕಡೆಯಿಂದ ಕಾಣುವ ಗೆರೆಗಳನ್ನು ಕೆತ್ತಬೇಕು. ಆಗ ಅಚ್ಚೊತ್ತಿದಾಗ ಎಡ ಎಡವಾಗಿ, ಬಲ ಬಲವಾಗಿ ಬರುತ್ತದೆ. ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕಲಿಯುವ ಪಾಠ. ಅವನು ಮುಖ ಮೇಲೆ ಮಾಡಿ ಅಂಟಿಸಿದ್ದ. ಊರಿನ ಹೆಸರಿದ್ದ ಅಕ್ಷರಗಳಾದರೂ ಅದೇ ಹಲಗೆಯಲ್ಲಿ ಇದ್ದಿದ್ದರೆ ಕೂಡಲೇ ಸಿಕ್ಕಿಬೀಳುತ್ತಿತ್ತು, ಆದರೆ ಅಕ್ಷರದ ಪಟ್ಟಿ ಯಾವಾಗಲೂ ಬೇರೆ ಹಲಗೆ. ಬಾಗಿಲು, ಮೆಟ್ಟಿಲು ಎರಡೂ ನಡುಗೆರೆಯ ಆಚೀಚೆ ಒಂದೇ ಸಮ. ಕಾಗದ ಅಂಟಿಸಿದ ಸಂಜೆ, ಒಸಾಕದಿಂದ ಬಂದ ಲಕೋಟೆ ಒಡೆದಾಗ ಅವನಿಗೆ ನಗು ಬಂದಿತ್ತು. ಯಾತ್ರಿಕನ ಬೆರಳುಗಳು ಮೂಲಂಗಿಯ ಹಾಗಿದ್ದವು. ‘ಇವನ್ಯಾರೋ ಇಡೀ ಜನ್ಮದಲ್ಲಿ ಕೈ ನೋಡಿಲ್ಲ ಕಣೇ’ ಎಂದು ಹೆಂಡತಿ ನುಯಿಗೆ ತೋರಿಸಿ, ಮುದ್ರಣದ ಮಾಗೊಬೆ ತಾತನಿಗೆ ತೋರಿಸಿ, ಬಾಯಿಗೆ ಬಂದದ್ದು ಆಡಿ, ಆ ಗೇಲಿಯ ಹುರುಪಿನಲ್ಲೇ ಅಂಟು ಬಳಿದು ಕಾಗದವನ್ನು ಹಲಗೆಗೆ ಬಡಿದಿದ್ದ. ಗೆರೆಗಳು ಅಷ್ಟು ಕಪ್ಪಾಗಿ, ಅಷ್ಟು ಸ್ಪಷ್ಟವಾಗಿ ಕಂಡಿದ್ದವು. ಶಾಯಿಯಾದರೂ ದುಂದಾಗಿ ಬಳಿದಿದ್ದಾನಲ್ಲ ಎಂದುಕೊಂಡು ಒಂಬತ್ತು ದಿನ ಕೂತು ಕೆತ್ತಿದ. ಒಂಬತ್ತು ದಿನವೂ ಒಸಾಕದವನನ್ನು ಬೈಯುತ್ತ ಕೆತ್ತಿದ.

ಹೋಗಲಿ, ಕಾಗದ ತಾನೇ. ಮೇಲಿರುವುದು ಬಣ್ಣ. ಬಟ್ಟೆಯ ಅಂಚು ಯಾವ ಕಡೆ ಮಡಚಿದರೆ ಯಾರಿಗೇನು. ಕೋಳಿ ಕೂಗಿದ್ದಕ್ಕೆ ಶಕುನ, ಚೊಂಬು ಉರುಳಿದ್ದಕ್ಕೆ ಶಕುನ ಎನ್ನುವ ಹೆಂಗಸರ ತಲೆಹರಟೆ ಇದು. ದಿನಕ್ಕೆ ಹತ್ತು ಸಲ ಅವನು ಇದನ್ನು ತನಗೇ ಹೇಳಿಕೊಂಡ. ಹೇಳಿಕೊಳ್ಳುವಾಗಲೆಲ್ಲ ಬೆರಳುಗಳಿಗೆ ಮಾತ್ರ ಬೇರೆ ಏನೋ ನೆನಪಾಗುತ್ತಿತ್ತು. ಅಮ್ಮ ಸತ್ತ ದಿನ ಅವಳ ತಲೆದೆಸೆಯಲ್ಲಿ ಮಡಿಕೆಯ ತೆರೆಯನ್ನು ತಲೆಕೆಳಗಾಗಿ ನಿಲ್ಲಿಸಿದ್ದರು. ಮೀಸುವ ನೀರಿಗೆ, ಬದುಕಿದವರಿಗೆ ಮಾಡುವ ಹಾಗೆ ಬಿಸಿಗೆ ತಣ್ಣೀರು ಬೆರೆಸದೆ, ತಣ್ಣೀರಿಗೆ ಬಿಸಿ ಸುರಿದಿದ್ದರು. ಅವನಿಗೆ ಹತ್ತೊಂಬತ್ತು. ಬಿಳಿ ಅಂಗಿ ತೊಡಿಸಿಯಾದ ಮೇಲೆ ಅಂಚು ಮಡಚುವುದು ಮಗನ ಕೆಲಸವೆಂದು ಅವನನ್ನು ಮುಂದೆ ತಳ್ಳಿದರು. ಅವನ ಕೈ ದಿನ ಬೆಳಗಾದರೆ ತನಗೆ ತಾನು ಮಾಡಿಕೊಳ್ಳುವುದನ್ನೇ ಮಾಡಿತು. ಬಲದ ಅಂಚು ಒಳಗೆ, ಎಡದ್ದು ಮೇಲೆ, ಕೊರಳಿನ ಹತ್ತಿರ ಒಮ್ಮೆ ಸವರಿ ಸರಿಮಾಡಿತು. ಅಮ್ಮ ಪೇಟೆಗೆ ಹೊರಟಂತೆ ಕಂಡಳು. ಸೋದರತ್ತೆ ತೋಮೆಯ ಸುಕ್ಕು ಕೈ ಎಲ್ಲಿಂದಲೋ ಬಂದು ಅವನು ಮಡಚಿದ್ದನ್ನು ಬಿಚ್ಚಿ ತಿರುಗಿಸಿ ಮಡಚಿತು. ‘ಬಿಡಪ್ಪ, ಎದ್ದು ಕೂತ್ಕೊಳ್ಳೋ ಹಾಗೆ ಉಡಿಸಿಬಿಟ್ಟಿದ್ದೀಯ’ ಎಂದಳು. ಕೋಣೆ ತುಂಬ ನೆಂಟರಿದ್ದರು, ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಇವಾಕಿಚಿ ಕಿಟಕಿಯ ಬಳಿ ಕೂತು ತನ್ನ ಕೊರಳಿನ ಅಂಚನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ.

ಹೇಳಿಬಿಡುವುದೇನೂ ಕಷ್ಟವಿರಲಿಲ್ಲ. ಅಚ್ಚು ತಪ್ಪಾಗಿದೆ, ಮಾರಬೇಡಿ ಎಂದರೆ ಮುಗಿಯಿತು. ಆದರೆ ಹೇಳಬೇಕಾದ ಬಾಯಿ ಯಾವುದು. ಆರು ವರ್ಷದ ಹಿಂದೆ ಕೆಳಗಿನ ಉದೊನ್ ಶ್ಯಾವಿಗೆಯ ಅಂಗಡಿಯ ತಮೆಜಿ ಒಂದು ಬೆಳಿಗ್ಗೆ ಬಾಗಿಲ ಪರದೆಯನ್ನು ಒಳಮೈ ಹೊರಗೆ ಮಾಡಿ ನೇತುಹಾಕಿದ್ದ. ಹೆಂಡತಿ ಆಸ್ಪತ್ರೆಯಲ್ಲಿದ್ದಳಂತೆ, ನಿದ್ದೆಗಣ್ಣಂತೆ. ಅವತ್ತಿನಿಂದ ಇವಾಕಿಚಿ ಅವನ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ, ಗಿರಾಕಿಗಳು ತುಂಬಿದ್ದರೆ ಇನ್ನೂ ಜೋರಾಗಿ, ‘ಏನಪ್ಪ ತಮೆಜಿ, ಇವತ್ತು ಯಾವ ಮೈ ಹೊರಗೆ?’ ಎಂದು ಕೇಳುತ್ತಿದ್ದ. ಆರು ವರ್ಷ ಕೇಳಿದ್ದ. ತಮೆಜಿಯ ಹೆಂಡತಿ ಸತ್ತ ವಾರವೂ ಕೇಳಿದ್ದ. ಸ್ನಾನದ ಮನೆಯವನಿಗೆ ಒಂದು ಹೆಸರಿಟ್ಟಿದ್ದ, ದೇವಸ್ಥಾನದ ಮುದ್ರೆ ಒತ್ತುವ ಗುಮಾಸ್ತನಿಗೆ ಒಂದು. ಮೆಟ್ಟಿಲಿನ ಎರಡೂ ಬದಿಯ ಅಂಗಡಿಗಳಲ್ಲಿ ಇವನ ನಾಲಿಗೆಯ ಬರೆ ಇಲ್ಲದವರು ಯಾರೂ ಇರಲಿಲ್ಲ. ಅವರೆಲ್ಲ ಈ ಒಂದು ದಿನಕ್ಕಾಗಿ ಕಾದು ಕೂತಿದ್ದಾರೆ. ಗೊತ್ತಾದ ಕ್ಷಣ ಊರಿಗೂರೇ ಹಲ್ಲು ಕಿಸಿಯುತ್ತದೆ. ಆದ್ದರಿಂದ ಅವನು ದಿನವೂ ಕಪಾಟಿನಲ್ಲಿ ಹೊಸ ಚಿತ್ರದ ಗಂಟು ಕರಗುವುದನ್ನು ನೋಡುತ್ತಿದ್ದ. ದಿನಕ್ಕೆ ಏಳು, ಎಂಟು. ಬೇಗ ಮುಗಿದುಹೋಗಲಿ, ಬೇಗ ಈ ದ್ವೀಪ ಬಿಟ್ಟು ಎಲ್ಲೆಲ್ಲೋ ಚದುರಿಹೋಗಲಿ ಎಂದು ಕಾಯುತ್ತಿದ್ದ.

ಅಂಗಡಿಯ ಮುಂಭಾಗದಲ್ಲಿ ಗಂಟೆ ಕಿಣಿಗುಟ್ಟಿತು. ಒಬ್ಬ ಹೆಂಗಸು ಕೋಲನ್ನು ಚೌಕಟ್ಟಿಗೆ ಒರಗಿಸಿ ಒಳಗೆ ಬಂದಳು. ಕಾಗದದ ಜಾರುಬಾಗಿಲಿನ ಸಂದಿಯಿಂದ ಇವಾಕಿಚಿಗೆ ಅವಳ ಬಿಸಿಲು ತಿಂದ ಕೆನ್ನೆ, ಹಗ್ಗ ಎಳೆದೆಳೆದು ದಪ್ಪಗಾದ ಕೈ ಕಾಣುತ್ತಿದ್ದವು. ಅರವತ್ತು ದಾಟಿರಬಹುದು. ಹತ್ತುವ ಮೊದಲೇ ಕೊಳ್ಳಲು ಬಂದಿದ್ದಾಳೆ, ದೇವರಿಗಿಂತ ಮುಂಚೆ ಅಂಗಡಿ, ಎಂದು ಅವನ ಮನಸ್ಸು ರೂಢಿಯಂತೆ ಮೂಗು ಮುರಿಯಿತು.

‘ಚಿತ್ರ ಬೇಕಿತ್ತಮ್ಮ. ನಲವತ್ತೊಂದು.’

‘ಅಷ್ಟೊಂದಾ?’ ಎಂದಳು ನುಯಿ.

‘ನಮ್ಮೂರಿನ ಯಾತ್ರೆ ಸಂಘದ್ದು. ತೋಸಾ ಕಡೆ ಕಡಲ ದಂಡೆ ಊರು ನಮ್ದು. ಈ ಸಲ ಚೀಟಿ ನನ್ನ ಹೆಸರಿಗೆ ಎದ್ದಿತು. ಎಲ್ಲರ ಪರವಾಗಿ ಒಬ್ಬಳೇ ಬಂದಿದ್ದೀನಿ, ಮನೆಗೊಂದು ಒಯ್ಯಬೇಕು. ಕಾತ್ಸುವೊ ಮೀನಿಗೆ ದೋಣಿ ಎಲ್ಲಾ ಹೊರಟುಹೋಗಿವೆ ನೋಡಿ, ಗಂಡಸರು ಬರೋವರೆಗೂ ಇದನ್ನೇ ಗೋಡೆಗೆ ಹಚ್ಚಿ ದೀಪ ಇಡ್ತಾರೆ.’

‘ಹತ್ತಿ ಬನ್ನಿ ಅಕ್ಕ, ಅಷ್ಟರಲ್ಲಿ ಕಟ್ಟಿಟ್ಟಿರ್ತೀನಿ. ನಿಮ್ಮ ಹೆಸರು?’

‘ಶಿಗೆ’ ಎಂದಳು ಹೆಂಗಸು. ಆಮೇಲೆ ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಇನ್ನೇನೋ ಕೇಳಿದಳು, ನುಯಿ ಕೂಡ ತಗ್ಗಿದ ದನಿಯಲ್ಲೇ ಏನೋ ಹೇಳಿದಳು. ಹೆಂಗಸರ ಗುಸುಗುಸು, ಶೌಚಾಲಯ ಎಲ್ಲಿದೆ ಎಂದಿರಬೇಕು. ಇವಾಕಿಚಿ ಅದಕ್ಕೆ ಕಿವಿಗೊಡಲಿಲ್ಲ. ಅವನ ಕಿವಿಯಲ್ಲಿ ನಲವತ್ತೊಂದು ಎಂಬುದು ನಿಂತುಬಿಟ್ಟಿತ್ತು.

ಒಂದೊಂದಾಗಿ ಚದುರಿಹೋದರೆ ಅದು ಕಾಗದ. ನಲವತ್ತೊಂದು ಮನೆ, ಒಂದೇ ಊರು, ಗಂಡಸರೆಲ್ಲ ನೀರಿನ ಮೇಲೆ. ದೇವಸ್ಥಾನದಿಂದ ಬಂದ ಚಿತ್ರವೆಂದು ದೀಪ ಹಚ್ಚಿ ಕೈಮುಗಿಯುವಾಗ ಯಾರೋ ಒಬ್ಬಳು, ದಿನಾ ಗಂಡನ ಕೊರಳಿನ ಅಂಚು ಸರಿಮಾಡಿ ಕಳಿಸುವವಳು, ನೋಡೇ ನೋಡುತ್ತಾಳೆ. ಪಕ್ಕದ ಮನೆಗೆ ಓಡುತ್ತಾಳೆ. ಅಲ್ಲೂ ಅದೇ. ಮನೆಮನೆಯ ಗೋಡೆಯ ಮೇಲೆ ಹೆಣದ ಉಡುಗೆಯ ಗಂಡಸು. ಬಸ್ಸಿನಲ್ಲಿ ಬರುವ ಈ ಪೆದ್ದರು ನೋಡುವುದಿಲ್ಲ ನಿಜ. ಮನೆಯಲ್ಲಿ ಉಳಿದವರು ಏನು ಮಾಡುತ್ತಾರೆ. ಅವರಿಗೆ ನೋಡುವುದು ಬಿಟ್ಟು ಬೇರೆ ಏನಿದೆ. ಮೂವತ್ತೊಂದು ವರ್ಷದಲ್ಲಿ ಈ ಮಾತು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದದ್ದಕ್ಕೆ ಅವನಿಗೆ ಸಿಟ್ಟು ಬಂತು. ಆ ಹೆಂಗಸಿನ ಮೇಲೆ, ಅವಳ ಸಂಘದ ಮೇಲೆ, ಸಮುದ್ರದ ಮೇಲೆ ಬಂತು. ಒಂದು ಬಾಳೆಹಣ್ಣೋ ಮಿಠಾಯಿ ಪೊಟ್ಟಣವೋ ಒಯ್ದಿದ್ದರೆ ಆಗುತ್ತಿರಲಿಲ್ಲವೇ ಇವಳಿಗೆ.

ಅವನು ಎದ್ದು ಹಿತ್ತಿಲ ಕೋಣೆಗೆ ಹೋದ. ಮಾಗೊಬೆ ತಾತ ಬಿದಿರ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಕಾಗದದ ಬೆನ್ನು ಉಜ್ಜುತ್ತಿದ್ದ. ಎಪ್ಪತ್ತೊಂದು ವಯಸ್ಸು, ಬೆನ್ನು ಬಾಗಿ ಮುಖ ಹಲಗೆಗೆ ತಾಗುವಂತಿತ್ತು. ಇವನೇನಾದರೂ ಕಂಡಿದ್ದಾನೋ, ಇವನೇ ಬಾಯಿಬಿಟ್ಟರೆ ತಪ್ಪನ್ನು ಅರ್ಧ ಇವನ ತಲೆಗೂ ಕಟ್ಟಬಹುದಲ್ಲ, ಎಂಬ ಕೊಳಕು ಯೋಚನೆ ಇವಾಕಿಚಿಗೆ ಬಂದುಹೋಯಿತು.

‘ತಾತ, ಹೊಸ ಚಿತ್ರ ಹೇಗೆ ಬಂದಿದೆ ಅನ್ಸುತ್ತೆ?’

ಮಾಗೊಬೆ ಕೈ ನಿಲ್ಲಿಸಲಿಲ್ಲ. ‘ನನ್ನ ಕೆಲಸ ಉಜ್ಜೋದು ಅಪ್ಪ. ನೋಡೋದಲ್ಲ.’

‘ಆದ್ರೂ, ಇನ್ನೂರು ಪ್ರತಿ ಎತ್ತಿದ ಕೈ.’

‘ನೀನೇ ಹೇಳಿದ ಮಾತು. ಉಜ್ಜೋದು ನಿನ್ನ ಕೆಲಸ, ನೋಡೋದಲ್ಲ ಅಂತ. ಇಪ್ಪತ್ತು ವರ್ಷದ ಮೇಲಾಯ್ತು. ಆ ಕೆಂಪು ಎಲೆ ಚಿತ್ರದಲ್ಲಿ ಒಂದು ಗೆರೆ ಕಡಿಮೆ ಇದೆ ಅಂದಿದ್ದೆ ನಾನು.’ ತಾತ ಕಾಗದವನ್ನು ಎರಡು ತುದಿ ಹಿಡಿದು ಮೆಲ್ಲಗೆ ಎತ್ತಿ ಒಣಗಲು ಇಟ್ಟ. ‘ಕಡಿಮೆ ಇತ್ತು ಅದು. ಈಗ ಯಾಕೆ ಬಿಡು.’

ಇವಾಕಿಚಿ ಹಿಂದಿರುಗಿ ಬರುವಷ್ಟರಲ್ಲಿ ಕಪಾಟಿನ ಗಂಟು ಅರ್ಧಕ್ಕಿಳಿದಿತ್ತು. ಮೇಜಿನ ಮೇಲೆ ನೇರಳೆ ಬಟ್ಟೆಯಲ್ಲಿ ಕಟ್ಟಿದ ಸುರುಳಿಗಳ ಹೊರೆ ಇತ್ತು. ನುಯಿ ಅದರ ಪಕ್ಕದಲ್ಲೇ ಹೊಲಿಗೆ ಹಿಡಿದು ಕೂತಿದ್ದಳು. ಒಂದು ಗಳಿಗೆ ಅವಳು ಎದ್ದು ಒಳಗೆ ಹೋದರೆ ಹೊರೆಯನ್ನು ಬಿಚ್ಚಿ ಹಳೆಯ ಚಿತ್ರಗಳನ್ನು ಕಟ್ಟಿಡಬಹುದಿತ್ತು. ಯಾತ್ರಿಕನಿಲ್ಲದ, ಬರೀ ಬಾಗಿಲು ಮತ್ತು ಪೈನ್ ಮರ ಇರುವ ಹಳೆಯ ಚಿತ್ರ. ಚಹ ಕೊಡೇ ಎಂದ. ಅವಳು ಕೂತಲ್ಲೇ ಪಕ್ಕದ ಕೆಟಲಿನಿಂದ ಬಗ್ಗಿಸಿ ಕೊಟ್ಟಳು. ಹಿತ್ತಿಲಲ್ಲಿ ಬಟ್ಟೆ ಒಣಗಿತೇನೋ ನೋಡು ಎಂದ. ಬೆಳಿಗ್ಗೆಯೇ ತೆಗೆದಾಯ್ತು ಎಂದಳು. ಇವಳಿಗೆ ಇವತ್ತೇ ಮೊಳೆ ಹೊಡೆದಂತೆ ಕೂರಬೇಕಿತ್ತು. ಇಪ್ಪತ್ತಾರು ವರ್ಷ ತನ್ನ ಜೊತೆ ಬದುಕಿದವಳು, ತಾನು ಕೆತ್ತಿದ್ದನ್ನು ಒಂದು ದಿನ ಹಿಡಿದು ನೋಡಿ ಚೆನ್ನಾಗಿದೆ ಎಂದವಳಲ್ಲ, ಸುತ್ತು, ಕಟ್ಟು, ಕೊಡು, ಅಷ್ಟೇ. ಇವಳೂ ಬಸ್ಸಿನವರ ಜಾತಿಯೇ. ಚಹ ಬಾಯಿ ಸುಟ್ಟಿತು.

ಮೇಲಿನಿಂದ ಗಂಟೆಗಳು ಇಳಿಯತೊಡಗಿದವು. ಶಿಗೆ ಬಂದಳು, ಬೆವರು ಒರೆಸಿಕೊಂಡಳು, ಮತ್ತೆ ಗುಸುಗುಸು ಆಯಿತು. ಈ ಸಲ ಕೊಂಚ ಜಾಸ್ತಿ ಹೊತ್ತೇ ನಡೆಯಿತು. ನುಯಿ ತಲೆ ಅಲ್ಲಾಡಿಸುತ್ತಿದ್ದಳು, ಆಮೇಲೆ ಕಪಾಟಿನ ಕಡೆ ತಿರುಗಿದಳು. ಇವಾಕಿಚಿ ಜಾರುಬಾಗಿಲ ಹಿಂದೆ ನಿಂತು, ಈಗ, ಈಗ ಎಂದುಕೊಳ್ಳುತ್ತಿದ್ದ. ಬಾಗಿಲು ಸರಿಸಿದರೆ ಸಾಕಿತ್ತು. ಅಷ್ಟರಲ್ಲಿ ಪಕ್ಕದ ಅಂಗಡಿಯವನು ನುಯಿಯನ್ನು ಏನೋ ಕೇಳಲು ಬಂದ, ಇವಾಕಿಚಿಯ ಕೈ ಬಾಗಿಲ ಅಂಚಿನಲ್ಲೇ ಉಳಿಯಿತು. ಶಿಗೆ ಹೊರೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟುಹೋದಳು.

ಅವನ ಕಾಲು ತಾನಾಗಿ ಹಿಂದಿನ ಉಗ್ರಾಣಕ್ಕೆ ನುಗ್ಗಿತು. ಹಳೆಯ ಚಿತ್ರಗಳ ಗಂಟು ಎಳೆದ. ಇನ್ನೂರಾದರೂ ಇರಬೇಕಿದ್ದದ್ದು ಅರವತ್ತೋ ಎಪ್ಪತ್ತೋ ಇತ್ತು. ಯಾಕೆಂದು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಅಷ್ಟನ್ನೂ ತಬ್ಬಿಕೊಂಡು ಹಿತ್ತಿಲ ಬಾಗಿಲಿನಿಂದ ಮೆಟ್ಟಿಲಿಗೆ ಬಂದು ಇಳಿಯತೊಡಗಿದ. ಒಂದು ಚಪ್ಪಲಿಯ ಪಟ್ಟಿ ಹರಿಯಿತು, ಅದನ್ನು ಅಲ್ಲೇ ಬಿಟ್ಟ. ಐವತ್ತೆರಡು ವರ್ಷದ ಗಂಡಸು ಒಂದು ಕಾಲಲ್ಲಿ ಚಪ್ಪಲಿ, ಎದೆ ತುಂಬ ಕಾಗದ, ಮುದುಕಿಯರನ್ನು ತಳ್ಳಿಕೊಂಡು ಓಡುವುದನ್ನು ಎರಡೂ ಬದಿಯ ಅಂಗಡಿಗಳು ನೋಡಿದವು. ತಮೆಜಿ ಬಾಗಿಲಲ್ಲೇ ನಿಂತಿದ್ದ. ಅವನ ತಲೆಯ ಮೇಲೆ ಪರದೆ ಸರಿಯಾದ ಮೈ ಹೊರಗೆ ಮಾಡಿಕೊಂಡು ತೂಗುತ್ತಿತ್ತು. ಈಗ ಕೇಳುತ್ತಾನೆ ಎಂದುಕೊಂಡ ಇವಾಕಿಚಿ. ತಮೆಜಿ ಕೇಳಲಿಲ್ಲ. ‘ಬಸ್ಸು ಇನ್ನೂ ಇದೆ ಗುರುಗಳೇ, ಮೆತ್ತಗೆ ಹೋಗಿ, ಮೆಟ್ಟಿಲು ಜಾರುತ್ತೆ’ ಎಂದ.

ಶಿಗೆ ಬಸ್ಸಿನ ಬಾಗಿಲ ಬಳಿ ಸಾಲಿನ ಕೊನೆಯಲ್ಲಿದ್ದಳು. ಇವಾಕಿಚಿಗೆ ಉಸಿರು ಸಿಗುತ್ತಿರಲಿಲ್ಲ. ‘ಅಮ್ಮ, ಆ ಚಿತ್ರ ಒಯ್ಯಬೇಡಿ’ ಎಂದ. ‘ನಾನು ಕೆತ್ತಿದ್ದು ಅದು. ಇವನ್ನ ತಗೊಳ್ಳಿ.’

‘ಯಾಕಪ್ಪ?’

‘ತಪ್ಪಾಗಿದೆ.’ ಆ ಮಾತು ಅವನ ಬಾಯಲ್ಲಿ ಎಷ್ಟು ಅಪರಿಚಿತವಾಗಿತ್ತೆಂದರೆ ಇನ್ನೊಮ್ಮೆ ಹೇಳಿ ನೋಡಿದ. ‘ತಪ್ಪಾಗಿದೆ. ಕಾಗದಾನ ಮೇಲುಮುಖ ಅಂಟಿಸಿಬಿಟ್ಟೆ. ಯಾತ್ರಿಕನ ಅಂಗಿ ಸತ್ತವರ ಹಾಗಿದೆ. ನಿಮ್ಮೂರಲ್ಲಿ ಗಂಡಸರು ಕಡಲಿಗೆ ಹೋಗಿದ್ದಾರೆ ಅಂದ್ರಲ್ಲ.’

ಶಿಗೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಬರಿಗಾಲಿನ ಮೇಲೆ ಅವಳ ಕಣ್ಣು ಒಂದು ಕ್ಷಣ ನಿಂತಿತು. ಆಮೇಲೆ ಹೊರೆ ಇಳಿಸಿ ಗಂಟು ಸಡಿಲಿಸಿ ಒಂದು ಸುರುಳಿಯ ತುದಿ ಬಿಚ್ಚಿ ತೋರಿಸಿದಳು. ಬಾಗಿಲು, ಪೈನ್ ಮರ. ಇನ್ನೊಂದು ಬಿಚ್ಚಿದಳು. ಅದೂ ಬಾಗಿಲು, ಪೈನ್ ಮರ.

‘ಹಳೇದೇ ಕೊಟ್ಟಿದ್ದಾರೆ ನಿಮ್ಮ ಮನೆಯವರು. ಹತ್ತೋಕೆ ಮುಂಚೆನೇ ಆ ಶ್ಯಾವಿಗೆ ಅಂಗಡಿಯವರು ಹೇಳಿದ್ರು, ಮೇಲೆ ಚಿತ್ರ ಕೊಳ್ಳೋದಾದ್ರೆ ಹಳೇದು ಕೇಳಿ, ಕೇಳೋವಾಗ ಮೆಲ್ಲಗೆ ಕೇಳಿ, ಒಳಗೆ ಯಜಮಾನ್ರು ಇರ್ತಾರೆ, ಮನಸ್ಸಿಗೆ ಹಚ್ಚಿಕೊಳ್ತಾರೆ ಅಂತ.’

ಇವಾಕಿಚಿ ಅಪ್ಪಿಕೊಂಡಿದ್ದ ಕಾಗದಗಳು ಒಂದೆರಡು ಜಾರಿ ಕೆಳಗೆ ಬಿದ್ದವು. ಅವನು ಬಗ್ಗಲಿಲ್ಲ. ಸ್ನಾನದ ಮನೆಯ ಗೋಡೆ ಮರುದಿನವೇ ಖಾಲಿಯಾಗಿದ್ದು, ಹಬೆಗೆ ಕಿತ್ತುಹೋಯಿತೆಂದು ಅಲ್ಲಿಯವನು ನೆಲ ನೋಡಿಕೊಂಡು ಹೇಳಿದ್ದು, ಹನ್ನೊಂದು ದಿನದಿಂದ ಮೆಟ್ಟಿಲುದ್ದಕ್ಕೂ ಜನ ಕೊಂಚ ಹೆಚ್ಚೇ ಬಾಗಿ ನಮಸ್ಕರಿಸುತ್ತಿದ್ದದ್ದು, ತಾನು ಅದನ್ನು ಹೊಸ ಚಿತ್ರಕ್ಕೆ ಸಂದ ಮರ್ಯಾದೆ ಎಂದುಕೊಂಡದ್ದು, ಎಲ್ಲ ಒಟ್ಟಿಗೆ ಬಂದು ಮುಖಕ್ಕೆ ಹೊಡೆದವು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಇವನ ಕಣ್ಣು ತಪ್ಪಿಸಿ ಇವನನ್ನು ಕಾಯುತ್ತಿದ್ದರು. ಹುಚ್ಚನನ್ನು, ಕಾಯಿಲೆಯವನನ್ನು ಕಾಯುವ ಹಾಗೆ. ನಕ್ಕಿದ್ದರೆ ಎದುರು ನಿಂತು ಒಂದು ಮಾತು ಬಿಸಾಕಬಹುದಿತ್ತು.

‘ಇದೊಂದು ಮಾತ್ರ ಹೊಸದು’ ಎಂದಳು ಶಿಗೆ. ಹೊರೆಯಲ್ಲಲ್ಲ, ತನ್ನ ನಿಲುವಂಗಿಯ ಎದೆಯೊಳಗಿನಿಂದ ಮಡಚಿದ ಒಂದು ಕಾಗದ ತೆಗೆದಳು. ‘ಅವರು ಕೊಡಲ್ಲ ಕೊಡಲ್ಲ ಅಂದ್ರು. ನಾನೇ ಕಾಡಿ ಇಸ್ಕೊಂಡೆ. ಒಂದು ಮನೆಗೆ ಇದು ಬೇಕು.’

‘ಇದು ಯಾವ ಮನೆಗೆ ಬೇಕಮ್ಮ. ಇದು ಹೆಣದ ಉಡುಗೆ.’

‘ಅದಕ್ಕೇ.’ ಅವಳು ಚಿತ್ರವನ್ನು ಬಿಡಿಸಿ ಹಿಡಿದುಕೊಂಡಳು. ‘ಮೂರು ವರ್ಷ ಆಯ್ತು ನನ್ನ ಮಗ ಹೋಗಿ. ದೋಣಿ ಸಿಕ್ತು, ಅವನು ಸಿಗ್ಲಿಲ್ಲ. ಮೀಯಿಸಲಿಲ್ಲ, ಉಡಿಸಲಿಲ್ಲ. ಹೊಲಿದ ಬಿಳಿ ಅಂಗಿ ಪೆಟ್ಟಿಗೇಲಿದೆ. ಹೇಗೆ ಕಾಣ್ತಿದ್ದ ಅಂತ ನೋಡಬೇಕು ಅನ್ಸುತ್ತಲ್ಲ ಅಪ್ಪ, ಅಷ್ಟೇ.’

ಸುಮ್ಮನಿರುವುದು ಅವನಿಗೆ ಅಭ್ಯಾಸವಿರಲಿಲ್ಲ, ತಪ್ಪನ್ನು ಎತ್ತಿ ತೋರಿಸುವುದೊಂದೇ ಅಭ್ಯಾಸ. ‘ಕೋಲೂ ಎಡಗೈಲಿದೆ’ ಎಂದ.

‘ಅವನೂ ಎಡಚನೇ’ ಎಂದಳು ಶಿಗೆ. ‘ಚಿಕ್ಕೋನಿದ್ದಾಗ ಎಷ್ಟು ಹೊಡೆದಿದ್ದೀನಿ. ಬಿಡಲಿಲ್ಲ ನೋಡಿ.’

ಬಾವುಟದ ಹುಡುಗಿ ಅಜ್ಜೀ ಎಂದು ಕೂಗಿದಳು. ಶಿಗೆ ಕಾಗದವನ್ನು ಮಡಚಿದ ಗೆರೆಯಲ್ಲೇ ಮಡಚಿ ಎದೆಯೊಳಗೆ ಇಟ್ಟುಕೊಂಡು, ನಿಲುವಂಗಿಯ ಎಡದ ಅಂಚನ್ನು ಬಲದ ಮೇಲೆ ಎಳೆದು ಸರಿಮಾಡಿಕೊಂಡು, ಅವನಿಗೆ ಬಾಗಿ ನಮಸ್ಕರಿಸಿ ಹತ್ತಿದಳು. ಕೆಳಗೆ ಬಿದ್ದ ಚಿತ್ರಗಳನ್ನು ಯಾರೋ ಯಾತ್ರಿಕ ಆರಿಸಿ, ಧೂಳು ಒರೆಸಿ, ಅವನ ಕೈಗಿತ್ತು ಬಸ್ಸು ಹತ್ತಿದ.

ಹತ್ತುವಾಗ ಮೆಟ್ಟಿಲು ಅರವತ್ತೇ ಇದ್ದರೂ ಬಹಳ ಹೊತ್ತಾಯಿತು. ತಮೆಜಿ ಒಳಗೆ ಬೆನ್ನು ತಿರುಗಿಸಿ ಶ್ಯಾವಿಗೆ ಬಸಿಯುತ್ತಿದ್ದ. ಬಸಿಯುವಂಥದ್ದೇನೂ ಪಾತ್ರೆಯಲ್ಲಿ ಉಳಿದಿರಲಿಲ್ಲ, ಆದರೂ ಬಸಿಯುತ್ತಿದ್ದ. ಬಿಟ್ಟುಹೋದ ಚಪ್ಪಲಿ ಇವಾಕಿಚಿಯ ಅಂಗಡಿಯ ಹೊಸ್ತಿಲಲ್ಲಿ ಪಟ್ಟಿ ಕಟ್ಟಿಸಿಕೊಂಡು ಕೂತಿತ್ತು. ನುಯಿ ಅವನ ಕೈಯ ಕಾಗದಗಳನ್ನು ನೋಡಿ ಹೊಲಿಗೆ ಕೆಳಗಿಟ್ಟಳು.

‘ಯಾವಾಗಿಂದ ಗೊತ್ತು ನಿನಗೆ?’

‘ಮೊದಲನೇ ದಿನ. ಮಾಗೊಬೆ ತಾತ ಮೊದಲ ಹಾಳೆ ಎತ್ತಿ ನನ್ನ ಮುಖ ನೋಡಿದ. ಆಗ ಗೊತ್ತಾಗಲಿಲ್ಲ, ಅವತ್ತೇ ಊರಿಗೆಲ್ಲ ಹಂಚಿ ಬಂದಮೇಲೆ ಗೊತ್ತಾಯ್ತು. ನೀವು ಬೇರೆ ದಿನಾ ಗಂಟು ಎಣಿಸ್ತಿದ್ರಿ. ಅದಕ್ಕೇ ಹಳೇದು ಮಾರಿ, ಹೊಸದ್ರಲ್ಲಿ ದಿನಾ ಒಂದಿಷ್ಟು ತೆಗೆದು ಏಣಿಮೆಟ್ಟಿಲ ಕೆಳಗೆ ಹಾಕ್ತಿದ್ದೆ.’

‘ಹೇಳೋಕೆ ಏನಾಗಿತ್ತು ನಿನಗೆ?’

ನುಯಿ ಅವನನ್ನು ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಹಾಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ‘ನಿಮಗಾ?’ ಎಂದಳು. ಆಮೇಲೆ ಸೂಜಿಗೆ ದಾರ ಪೋಣಿಸತೊಡಗಿದಳು.

ಅವನು ಒಳಗೆ ಹೋಗಿ ಯಾತ್ರಿಕನ ಹಲಗೆಯನ್ನು ಗೋಡೆಗೆ ಒರಗಿಸಿದ. ಮೊದಲು ಹೆರೆಯುವ ಉಳಿ ಕೈಗೆತ್ತಿಕೊಂಡು, ಆಮೇಲೆ ಇಟ್ಟುಬಿಟ್ಟ. ಒಸಾಕದವನು ಎರಡು ಪ್ರತಿ ಕಳಿಸಿದ್ದ, ಎರಡನೆಯ ಪ್ರತಿ ಲಕೋಟೆಯಲ್ಲೇ ಇತ್ತು. ಅದನ್ನು ತೆಗೆದು ಬೆಳಕಿಗೆ ಹಿಡಿದ. ಕಾಗದ ಎಷ್ಟು ತೆಳುವೆಂದರೆ ಯಾವ ಕಡೆಯಿಂದ ನೋಡಿದರೂ ಗೆರೆ ಒಂದೇ ಸಮ ಕಾಣುತ್ತಿತ್ತು. ಬೆರಳುಗಳು ನಿಜಕ್ಕೂ ಮೂಲಂಗಿಯಂತಿದ್ದವೇ ಎಂದು ನೋಡಿದ. ಹಗ್ಗ ಎಳೆದ ಕೈ ಹಾಗೇ ಇರುತ್ತದೆ. ಹೊಸ ಹಲಗೆಗೆ ಅಂಟು ಬಳಿದ. ಕಾಗದವನ್ನು ಒಂದು ಸಲ ತಿರುಗಿಸಿದ, ಇನ್ನೊಂದು ಸಲ ತಿರುಗಿಸಿದ, ಮೂವತ್ತೊಂದು ವರ್ಷದ ಕೈ ಗಾಳಿಯಲ್ಲೇ ನಿಂತಿತು. ಅಂಟು ಒಣಗತೊಡಗಿತ್ತು.

‘ನುಯಿ, ಇಲ್ಲಿ ಬಾ’ ಎಂದ. ‘ಇದನ್ನ ನೋಡು. ಯಾವ ಮೈ ಮೇಲೆ ಬರಬೇಕು?’

ಅವಳು ಜಾರುಬಾಗಿಲಲ್ಲಿ ಬಂದು ನಿಂತು ಕಾಗದವನ್ನು ನೋಡಿದಳು, ಅವನನ್ನು ನೋಡಿದಳು.

‘ಯಾವ ಮೈ ಹೊರಗೆ ಅನ್ನೋದನ್ನ ತಮೆಜಿಯಣ್ಣನ್ನ ಕೇಳಿ’ ಎಂದಳು. ‘ಆರು ವರ್ಷದಿಂದ ಅವರಿಗೇ ತಾನೇ ಕಲಿಸ್ತಿರೋದು ನೀವು.’

ಇವಾಕಿಚಿ ಕಾಗದವನ್ನು ಎರಡು ತುದಿ ಹಿಡಿದುಕೊಂಡೇ ಎದ್ದು, ಹೊಸ್ತಿಲಲ್ಲಿದ್ದ ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿಯತೊಡಗಿದ.